ಮೋಸವಂತೆ, ಅಪರಾಧವಲ್ಲವಂತೆ

ಕಲ್ಯಾಣದುರ್ಗದ ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನಿಗೆ ದಂಡ. ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡ ಹುಡುಗ ಡಿಬಾರ್. ಕಡಲೆಕಾಯಿ ತೂಕದಲ್ಲಿ ಕೈಚಳಕ ತೋರಿಸಿದ ದಲ್ಲಾಳಿಗೂ ಅಧಿಕಾರಿಗಳು ಬಂದ ದಿನ ಏನಾದರೊಂದು ಬೀಳುತ್ತದೆ. ಸಾವಿರಾರು ಜನ ದುಡ್ಡು ಕೊಟ್ಟು ನೋಡಲು ಬಂದ ಕ್ರಿಕೆಟ್ ಪಂದ್ಯವನ್ನೇ ಯಾರಾದರೂ ಮಾರಿಕೊಂಡರೆ? ಅದಕ್ಕೆ ಈ ದೇಶದಲ್ಲಿ ಸೆಕ್ಷನ್ ಇಲ್ಲ.

ತಮಾಷೆಯಲ್ಲ. 2022ರ ಜನವರಿ 10ರಂದು ಕರ್ನಾಟಕ ಹೈಕೋರ್ಟ್ ಕೊಟ್ಟ ತೀರ್ಪಿನ ತಿರುಳೇ ಇದು.

ಪ್ರಕರಣಕ್ಕೆ ನಮ್ಮ ಪಕ್ಕದ ಬಳ್ಳಾರಿಯ ಹೆಸರು ಅಂಟಿದೆ. 2019ರ ಕರ್ನಾಟಕ ಪ್ರೀಮಿಯರ್ ಲೀಗ್, ಮೈಸೂರಿನಲ್ಲಿ ಫೈನಲ್. ಬಳ್ಳಾರಿ ಟಸ್ಕರ್ಸ್ ತಂಡ ಹುಬ್ಬಳ್ಳಿ ಟೈಗರ್ಸ್ ಎದುರು 8 ರನ್‌ಗಳಿಂದ ಸೋತಿತು. ಆಂಧ್ರದ ಅನಂತಪುರ ಜಿಲ್ಲೆಯ ನಮ್ಮ ಕುಂದುರ್ಪಿಯವರಿಗೆ ಬಳ್ಳಾರಿ ತಂಡದ ಉಸಾಬರಿ ಯಾಕೆ ಎನ್ನಬೇಡಿ. 1882ರವರೆಗೆ ಅನಂತಪುರವೇ ಬಳ್ಳಾರಿ ಜಿಲ್ಲೆಯೊಳಗಿತ್ತು. ಈಗ ಆಂಧ್ರದವರು ನಮ್ಮನ್ನು ಕನ್ನಡದವರು ಅನ್ನುತ್ತಾರೆ, ಕರ್ನಾಟಕದವರು ಆಂಧ್ರದವರು ಅನ್ನುತ್ತಾರೆ. ಯಾರೂ ಕರೆಯದಿದ್ದಾಗ ಹತ್ತಿರದ ಮನೆಗೆ ನಾವೇ ಹೋಗಿ ಕೂತೆವು. ಆವತ್ತು ನಮ್ಮ ಹುಡುಗರು ಪಿಚ್ಚನ್ನು ಬೈದರು, ಟಾಸನ್ನು ಬೈದರು, ಅಂಪೈರನ್ನು ಬೈದರು.

ನವೆಂಬರಿನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ತಂಡದ ನಾಯಕ ಸಿ.ಎಂ. ಗೌತಮ್ ಮತ್ತು ಅಬ್ರಾರ್ ಕಾಜಿ ಅವರನ್ನು ಬಂಧಿಸಿದರು. ಫೈನಲ್‌ನಲ್ಲಿ ನಿಧಾನವಾಗಿ ಆಡಲು 20 ಲಕ್ಷ ರೂಪಾಯಿಯ ಮಾತುಕತೆ ಆಗಿತ್ತು ಎಂಬುದು ಪೊಲೀಸರ ಆರೋಪ. ಅದಕ್ಕೂ ಮೊದಲೇ ಬೆಳಗಾವಿ ಪ್ಯಾಂಥರ್ಸ್ ಮಾಲೀಕ ಅಶ್ಫಾಕ್ ಅಲಿ ಥಾರಾ ಬಂಧನವಾಗಿತ್ತು. ಬೆಂಗಳೂರು ಬ್ಲಾಸ್ಟರ್ಸ್‌ನ ಬೌಲಿಂಗ್ ಕೋಚ್ ಬಂಧನವಾಗಿತ್ತು. ಡಿಸೆಂಬರಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಆಡಳಿತ ಸಮಿತಿಯ ಸದಸ್ಯರೊಬ್ಬರ ಸರದಿ. ಆಟಗಾರ, ಕೋಚ್, ಮಾಲೀಕ, ಆಡಳಿತಗಾರ. ಚೆಂಡೊಂದನ್ನು ಬಿಟ್ಟು ಎಲ್ಲರನ್ನೂ ಠಾಣೆಗೆ ಕರೆದುಕೊಂಡು ಹೋದರು.

ಚಾರ್ಜ್‌ಶೀಟ್ ಬಂತು. ಕಲಂ 420, ವಂಚನೆ. ಆರೋಪಿಗಳು ಹೈಕೋರ್ಟಿಗೆ ಹೋದರು. ಕೋರ್ಟು ಲೆಕ್ಕ ಹಾಕಿತು. ಟಿಕೆಟ್ ಕೊಂಡವರು ತಾವಾಗಿಯೇ ಕೊಂಡಿದ್ದಾರೆ, ಯಾರೂ ಪುಸಲಾಯಿಸಿ ಕೊಡಿಸಿಲ್ಲ. ಆಟವನ್ನು ಪ್ರೀತಿಸುವವರಿಗೆ ಮೋಸವಾಯಿತು ಎಂಬ ಭಾವನೆ ಹುಟ್ಟಬಹುದು, ಆದರೆ ಭಾವನೆಯಿಂದ ಅಪರಾಧ ಹುಟ್ಟುವುದಿಲ್ಲ. ಇದು ಆಟಗಾರನ ಅಪ್ರಾಮಾಣಿಕತೆ, ಅಶಿಸ್ತು. ಕ್ರಮ ಕೈಗೊಳ್ಳಲು ಕ್ರಿಕೆಟ್ ಮಂಡಳಿ ಇದೆ. ಕೇಸು ರದ್ದು.

ನ್ಯಾಯಮೂರ್ತಿಗಳನ್ನು ಬೈದು ಕೈತೊಳೆದುಕೊಳ್ಳಬಹುದು. ನಾನು ಬೈಯುವುದಿಲ್ಲ. ಕಾನೂನಿನ ಪುಸ್ತಕದಲ್ಲಿ ಇಲ್ಲದ್ದನ್ನು ಅವರು ಎಲ್ಲಿಂದ ತಂದು ಓದಬೇಕು? ಬರೆಯಬೇಕಾದವರು ದೆಹಲಿಯಲ್ಲಿ ಬೇರೆ ಇದ್ದಾರೆ.

ಹೊಟ್ಟೆ ಉರಿಯುವುದು ಆಮೇಲಿನದಕ್ಕೆ. ಆ ಆಟಗಾರರು ತಪ್ಪು ಮಾಡಿದ್ದರೆ, ವಿಚಾರಣೆಯೇ ಇಲ್ಲದೆ ಪಾರಾದರು. ಮಾಡಿಲ್ಲದಿದ್ದರೆ, ವಿಚಾರಣೆಯೇ ಇಲ್ಲದೆ ಹಾಳಾದರು. ಎರಡರಲ್ಲಿ ಯಾವುದು? ಹೇಳುವವರಿಲ್ಲ. ಸಾಕ್ಷಿ ಕಟಕಟೆ ಹತ್ತಲೇ ಇಲ್ಲ. ಶಿಕ್ಷೆಯೂ ಇಲ್ಲ, ನಿರ್ದೋಷಿ ಎಂಬ ಚೀಟಿಯೂ ಇಲ್ಲ. ಬಂಧನದ ಫೋಟೋ ಮಾತ್ರ ಗೂಗಲ್‌ನಲ್ಲಿ ಶಾಶ್ವತ. ಇದನ್ನು ನ್ಯಾಯ ಎನ್ನುವವರು ಕೈ ಎತ್ತಿ.

ಲೀಗ್ ಏನಾಯಿತು ಎಂದಿರಾ? ಚೆನ್ನಾಗಿದೆ. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಮರಳಿ ಬಂತು. ಮನೆಯಲ್ಲಿ ಸಾವಾದರೆ ಬಾಗಿಲು ಬೇರೆ ದಿಕ್ಕಿಗೆ ಇಡುತ್ತಾರಲ್ಲ, ಹಾಗೆ. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಬಾಗಿಲು ಬಡಿದಿದೆ. ಬಡಿಯಲಿ.

ಕಾನೂನು ಬರೆಯಬೇಕಾದವರ ಕಡೆ ಬರೋಣ. 2013ರಲ್ಲಿ ಐಪಿಎಲ್ ಫಿಕ್ಸಿಂಗ್ ಹಗರಣ ಹೊಗೆಯಾಡುವಾಗ ಕೇಂದ್ರ ಸರ್ಕಾರ ಗಾಬರಿಯಿಂದ ಕ್ರೀಡಾ ವಂಚನೆ ತಡೆ ಮಸೂದೆಯ ಕರಡು ಬರೆಯಿತು. ಐದು ವರ್ಷದವರೆಗೆ ಜೈಲು ಎಂದಿತ್ತು. ಹೊಗೆ ಆರಿತು, ಕರಡು ಕಪಾಟು ಸೇರಿತು. 2018ರಲ್ಲಿ ಕಾನೂನು ಆಯೋಗ ತನ್ನ 276ನೇ ವರದಿಯಲ್ಲಿ ಮತ್ತೆ ಹೇಳಿತು: ಮ್ಯಾಚ್ ಫಿಕ್ಸಿಂಗ್ ಅನ್ನು ಕ್ರಿಮಿನಲ್ ಅಪರಾಧ ಮಾಡಿ, ಕಠಿಣ ಶಿಕ್ಷೆ ಇಡಿ. ಕಪಾಟಿಗೆ ಇನ್ನೊಂದು ಫೈಲು. 2019ರಲ್ಲಿ ಶ್ರೀಲಂಕಾ, ಹೌದು ಪುಟ್ಟ ಶ್ರೀಲಂಕಾ, ಹತ್ತು ವರ್ಷದವರೆಗೆ ಜೈಲು ಎಂದು ಕಾನೂನು ಮಾಡಿ ಮುಗಿಸಿತು.

ನಮ್ಮವರಿಗೆ ಪುರುಸೊತ್ತು ಇರಲಿಲ್ಲವೇ? ಇತ್ತು. 2023ರಲ್ಲಿ ಇಡೀ ದಂಡ ಸಂಹಿತೆಯನ್ನೇ ಹೊಸದಾಗಿ ಬರೆದರು. 420 ಹೋಗಿ 318 ಬಂತು. ಹೊಸ 112ನೇ ಕಲಂ ನೋಡಿ, ಸಣ್ಣ ಸಂಘಟಿತ ಅಪರಾಧಗಳ ಪಟ್ಟಿ ಅಲ್ಲಿದೆ. ಗುಂಪು ಕಟ್ಟಿಕೊಂಡು ಕಾಳಸಂತೆಯಲ್ಲಿ ಟಿಕೆಟ್ ಮಾರಿದರೆ ಒಂದರಿಂದ ಏಳು ವರ್ಷ ಜೈಲು. ಪಂದ್ಯದ ಟಿಕೆಟ್ ಮಾರಿದವನು ಸಂಘಟಿತ ಅಪರಾಧಿ. ಪಂದ್ಯವನ್ನೇ ಮಾರಿದವನು ಅಶಿಸ್ತಿನ ಆಟಗಾರ.

ಇಷ್ಟಾದ ಮೇಲೂ ಮಂಡಳಿ ನೋಡಿಕೊಳ್ಳುತ್ತದೆ ಎಂಬ ನಂಬಿಕೆ. ಮಂಡಳಿ ಹೇಗೆ ನೋಡಿಕೊಳ್ಳುತ್ತದೆ ಎಂಬುದಕ್ಕೆ ನಮ್ಮ ಹೈದರಾಬಾದಿನ ಉದಾಹರಣೆಯೇ ಸಾಕು. ಮ್ಯಾಚ್ ಫಿಕ್ಸಿಂಗ್ ಆರೋಪದ ಮೇಲೆ 2000ದ ಡಿಸೆಂಬರಿನಲ್ಲಿ ಮೊಹಮ್ಮದ್ ಅಜರುದ್ದೀನ್‌ಗೆ ಜೀವಾವಧಿ ನಿಷೇಧ. 2012ರ ನವೆಂಬರಿನಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಆ ನಿಷೇಧ ಕಾನೂನುಬಾಹಿರ ಎಂದಿತು. ಆ ಹೊತ್ತಿಗೆ ಅವರಿಗೆ 49 ವರ್ಷ. 99 ಟೆಸ್ಟ್ ಆಡಿದವರು ನೂರನೆಯದನ್ನು ವೀಲ್‌ಚೇರಿನಲ್ಲಿ ಆಡಬೇಕೇ? ಇತ್ತ ಇನ್ನೊಂದು ತಮಾಷೆ. ಮೈದಾನಕ್ಕೆ ಇಳಿಯಲು ಅಯೋಗ್ಯ ಎನಿಸಿದ್ದ ಅದೇ ವ್ಯಕ್ತಿ 2009ರಲ್ಲಿ ಲೋಕಸಭೆಗೆ ಯೋಗ್ಯರಾದರು. ಕ್ರಿಕೆಟ್‌ಗೆ ಇರುವ ನೈತಿಕ ಮಟ್ಟ ಸಂಸತ್ತಿಗೆ ಬೇಕಿಲ್ಲ ಎಂದು ಮತದಾರರೂ ಪಕ್ಷವೂ ಒಮ್ಮತದಿಂದ ತೀರ್ಮಾನಿಸಿದಂತಾಯಿತು. 2019ರಲ್ಲಿ ಹೈದರಾಬಾದ್ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರೂ ಆದರು.

ಶ್ರೀಶಾಂತ್ ಕಥೆ ಇನ್ನೂ ಚಂದ. ಆ ಐಪಿಎಲ್ ಹಗರಣದಲ್ಲಿ 2013ರ ಮೇ 16ರಂದು ಬಂಧನ. 2015ರಲ್ಲಿ ದೆಹಲಿ ಕೋರ್ಟು ಬಿಡುಗಡೆ ಮಾಡಿತು. ಮಂಡಳಿ ಜೀವಾವಧಿ ನಿಷೇಧ ಬಿಡಲಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷೆ ಎಷ್ಟಿರಬೇಕು ಎಂದು ಇನ್ನೊಮ್ಮೆ ಯೋಚಿಸಿ ಎಂದಿತು. ಯೋಚಿಸಿದರು. ಜೀವಾವಧಿ ಏಳು ವರ್ಷವಾಯಿತು. ಅದೇ ಅಪರಾಧ, ಅದೇ ಮನುಷ್ಯ, ಅದೇ ಸಾಕ್ಷ್ಯ. ಸಂತೆಯಲ್ಲಿ ಕುರಿಯ ಬೆಲೆಯೂ ಇಷ್ಟು ಇಳಿಯುವುದಿಲ್ಲ.

ಮಾಲೀಕರಿಗೆ? ಚೆನ್ನೈ ಸೂಪರ್ ಕಿಂಗ್ಸ್, ರಾಜಸ್ಥಾನ ರಾಯಲ್ಸ್ ತಂಡಗಳನ್ನು 2015ರ ಜುಲೈಯಲ್ಲಿ ಲೋಧಾ ಸಮಿತಿ ಎರಡು ವರ್ಷ ಹೊರಗಿಟ್ಟಿತು. ಬಾಜಿ ಕಟ್ಟಿದ ಗುರುನಾಥ್ ಮೇಯಪ್ಪನ್ ಮತ್ತು ರಾಜ್ ಕುಂದ್ರಾಗೆ ಜೀವಾವಧಿ ಬಹಿಷ್ಕಾರ. ಅದೂ ಸುಪ್ರೀಂ ಕೋರ್ಟ್ ಕಿವಿ ಹಿಂಡಿದ ಮೇಲೆ. ಅದಕ್ಕೂ ಮೊದಲು ಮಂಡಳಿಯ ಸ್ವಂತ ವಿಚಾರಣಾ ಸಮಿತಿ ಎಲ್ಲ ಸರಿಯಾಗಿದೆ ಎಂದು ವರದಿ ಕೊಟ್ಟಿತ್ತು. ಆ ಸಮಿತಿಯ ರಚನೆಯೇ ಅಕ್ರಮ ಎಂದು ಬಾಂಬೆ ಹೈಕೋರ್ಟ್ ಹೇಳಬೇಕಾಯಿತು. ಆಗ ಮಂಡಳಿಯ ಅಧ್ಯಕ್ಷರು ಎನ್. ಶ್ರೀನಿವಾಸನ್. ಚೆನ್ನೈ ತಂಡ ಅವರ ಕಂಪನಿಯದು. ಗುರುನಾಥ್ ಅವರ ಅಳಿಯ. ಅಳಿಯ ವಿಚಾರಣೆಯಲ್ಲಿರುವಾಗಲೇ, 2014ರ ಜೂನ್‌ನಲ್ಲಿ, ಮಾವ ಐಸಿಸಿ ಅಧ್ಯಕ್ಷ. ಚೆನ್ನೈ ತಂಡ 2018ರಲ್ಲಿ ವಾಪಸ್ ಬಂದು ಅದೇ ವರ್ಷ ಕಪ್ ಎತ್ತಿತು. ಶ್ರೀಶಾಂತ್‌ನ ಶಿಕ್ಷೆ ಮುಗಿಯಲು ಇನ್ನೂ ಎರಡು ವರ್ಷಕ್ಕೂ ಹೆಚ್ಚು ಬಾಕಿ ಇತ್ತು.

ಇಂಗ್ಲೆಂಡಿನಲ್ಲಿ ಬೇಕೆಂದೇ ನೋಬಾಲ್ ಹಾಕಿದ ಪ್ರಕರಣಕ್ಕೆ 2011ರಲ್ಲಿ ಪಾಕಿಸ್ತಾನದ ಮೂವರು ಆಟಗಾರರು ಜೈಲು ಕಂಡರು. ನಾಯಕ ಸಲ್ಮಾನ್ ಬಟ್‌ಗೆ 30 ತಿಂಗಳು, ಹುಡುಗ ಅಮೀರ್‌ಗೆ 6 ತಿಂಗಳು. ನಾಯಕನಿಗೆ ಹೆಚ್ಚು, ಹುಡುಗನಿಗೆ ಕಡಿಮೆ. ಇಷ್ಟು ಸರಳ ಲೆಕ್ಕ ನಮಗೇಕೆ ತಲೆಕೆಳಗಾಗಿ ಕಾಣುತ್ತದೋ.

ಕ್ರಿಕೆಟಿನವರದಾದರೂ ದುಡ್ಡಿನ ಆಟ. ಓಡುವ ಮಕ್ಕಳ ಗತಿ ನೋಡಿ.

ಅಶ್ವಿನಿ ಅಕ್ಕುಂಜಿ. ಕುಂದಾಪುರದ ಕಡೆಯ ಕೃಷಿಕರ ಮಗಳು. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ ಚಿನ್ನ. ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹರ್ಡಲ್ಸ್‌ಗೊಂದು, ರಿಲೇಗೊಂದು ಚಿನ್ನ. ಇಡೀ ದೇಶ ಹೆಗಲ ಮೇಲೆ ಹೊತ್ತು ಕುಣಿಯಿತು. 2011ರಲ್ಲಿ ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ ಹೆಗಲು ಕೊಡವಿತು. ಕೋಚ್ ತಂದುಕೊಟ್ಟ ಜಿನ್ಸೆಂಗ್ ನುಂಗಿದೆವು, ಅದರಲ್ಲಿತ್ತು ಎಂದರು ಅಶ್ವಿನಿಯೂ ಜೊತೆಗೆ ಸಿಕ್ಕಿಬಿದ್ದ ಹುಡುಗಿಯರೂ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ ಸಮಿತಿ ಒಂದು ವರ್ಷ ನಿಷೇಧ ಹಾಕಿತು. 2012ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಕೋಚ್ ಯೂರಿ ಒಗೊರೊಡ್ನಿಕ್‌ರನ್ನು 2011ರಲ್ಲಿ ಕೆಲಸದಿಂದ ತೆಗೆದರು. ಕ್ರೀಡಾ ಸಚಿವಾಲಯದವರು ಎದೆಯುಬ್ಬಿಸಿ ಹೇಳಿಕೊಂಡರು. ಕೆಲವೇ ವರ್ಷ. ರಿಯೋ ಒಲಿಂಪಿಕ್ಸ್ ತಯಾರಿಗೆ ಭಾರತದ ರಿಲೇ ಓಟಗಾರ್ತಿಯರಿಗೆ ಯಾರು ಕೋಚ್? ಅದೇ ಯೂರಿ ಒಗೊರೊಡ್ನಿಕ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಆರುವ ಮೊದಲೇ ಎತ್ತಿಗೆ ಹೊಸ ಕೊಂಬೆಣಸು.

ಮಂಗಳೂರಿನ ಎಂ.ಆರ್. ಪೂವಮ್ಮ. 2021ರ ಫೆಬ್ರವರಿಯಲ್ಲಿ ಪಟಿಯಾಲದಲ್ಲಿ ಕೊಟ್ಟ ಮಾದರಿಯಲ್ಲಿ ನಿಷೇಧಿತ ವಸ್ತು. ಒಂದು ಸಮಿತಿ ಮೂರು ತಿಂಗಳು ಸಾಕು ಎಂದಿತು. ಮೇಲ್ಮನವಿ ಸಮಿತಿ 2022ರಲ್ಲಿ ಎರಡು ವರ್ಷ ಎಂದಿತು. ಒಂದೇ ಸೀಸೆ, ಒಂದೇ ಮೂತ್ರ. ಮೂರು ತಿಂಗಳಿಗೂ ಎರಡು ವರ್ಷಕ್ಕೂ ನಡುವೆ ಒಬ್ಬ ಓಟಗಾರ್ತಿಯ ಇಡೀ ಬದುಕು ಇರುತ್ತದೆ. ಸಮಿತಿಯವರಿಗೆ ಅದು ಎರಡು ಸಭೆಗಳ ನಡುವಿನ ಅಂತರ.

ಈಗ ಕ್ರಿಕೆಟಿಗನ ಶಿಕ್ಷೆ ಹೇಗಿರುತ್ತದೆ ನೋಡಿ, ಕಣ್ಣು ತಂಪಾಗುತ್ತದೆ. 2019ರ ಫೆಬ್ರವರಿಯಲ್ಲಿ ಪೃಥ್ವಿ ಶಾ ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಕೆಮ್ಮಿನ ಸಿರಪ್ ಎಂದ. ಮಂಡಳಿ ನಂಬಿತು. ಎಂಟು ತಿಂಗಳ ನಿಷೇಧ ಪ್ರಕಟಿಸಿದ್ದು ಜುಲೈ 30ಕ್ಕೆ. ಜಾರಿಗೆ ಬಂದಿದ್ದು? ಮಾರ್ಚ್ 16ರಿಂದ. ಹಿಂದಿನ ದಿನಾಂಕದಿಂದ. ಆ ನಡುವೆ ಆತ ಏನು ಮಾಡುತ್ತಿದ್ದ? ಡೆಲ್ಲಿ ಕ್ಯಾಪಿಟಲ್ಸ್ ಪರ ಐಪಿಎಲ್ ಆಡುತ್ತಿದ್ದ. ಆಡುತ್ತಲೇ ಆಡದಿರುವ ಶಿಕ್ಷೆ ಅನುಭವಿಸಿದ ಜಗತ್ತಿನ ಅಪರೂಪದ ಕೈದಿ. ಯೂಸುಫ್ ಪಠಾಣ್ ವಿಷಯದಲ್ಲಂತೂ ಐದು ತಿಂಗಳ ನಿಷೇಧ ಮುಗಿಯಲು ಇನ್ನೇನು ಐದು ದಿನ ಇರುವಾಗ, 2018ರ ಜನವರಿ 9ರಂದು ನಮಗೆ ತಿಳಿಸಿದರು. ಬಿಡುಗಡೆಯ ದಿನ ಬಂಧನದ ಸುದ್ದಿ.

ಅಂದಹಾಗೆ 2019ರ ಆಗಸ್ಟ್‌ವರೆಗೆ ಕ್ರಿಕೆಟಿಗರು ನಾಡಾ ಕೈಗೆ ಮೂತ್ರ ಕೊಡುವಂತೆಯೇ ಇರಲಿಲ್ಲ. ಕಬಡ್ಡಿ, ಕುಸ್ತಿ, ಓಟದವರದು ಸರ್ಕಾರಿ ಸೀಸೆಗೆ. ಕ್ರಿಕೆಟಿಗರದು ಮಂಡಳಿಯ ಖಾಸಗಿ ಸೀಸೆಗೆ. ಜಾತಿ ಪದ್ಧತಿ ಶೌಚಾಲಯವನ್ನೂ ಬಿಟ್ಟಿರಲಿಲ್ಲ.

ಹಾಗೆಂದು ಓಡುವವರೆಲ್ಲ ಪಾಪದವರು ಎನ್ನುತ್ತಿಲ್ಲ. 2023ರ ಸೆಪ್ಟೆಂಬರ್ 26ರಂದು ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟ. ನಾಡಾದವರು ಬಂದಿದ್ದಾರೆ ಎಂಬ ಸುದ್ದಿ ಹಬ್ಬಿತು. ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಿದ್ದು ಒಬ್ಬನೇ ಒಬ್ಬ. ಉಳಿದವರೂ ಓಡಿದರು, ಗೇಟಿನ ಕಡೆಗೆ. ಸ್ಟೀಪಲ್‌ಚೇಸ್‌ನಲ್ಲಿ ಒಬ್ಬ ಹುಡುಗಿ ಗೆರೆ ದಾಟಿದ ಮೇಲೂ ಓಡುತ್ತಲೇ ಇದ್ದಳು, ಪರೀಕ್ಷೆಗೆ ಹಿಡಿಯಲು ಬಂದವರು ಹಿಂದೆ. ಕ್ರೀಡಾಂಗಣದ ಶೌಚಾಲಯದಲ್ಲಿ ಸಿರಿಂಜುಗಳ ರಾಶಿ. ಆ ವರ್ಷ ಭಾರತದ 5,606 ಮಾದರಿಗಳಲ್ಲಿ 213 ಪಾಸಿಟಿವ್ ಎಂದು ವಿಶ್ವ ಮಟ್ಟದ ಸಂಸ್ಥೆ ವಾಡಾ ಲೆಕ್ಕ ಕೊಟ್ಟಿತು. ಹೆಚ್ಚು ಪರೀಕ್ಷೆ ಮಾಡುವ ದೇಶಗಳಲ್ಲಿ ಪಾಸಿಟಿವ್ ಪ್ರಮಾಣಕ್ಕೆ ನಾವೇ ಮೊದಲು. ಕೊನೆಗೊಂದು ಪದಕ ಪಟ್ಟಿಯಲ್ಲಿ ಅಗ್ರಸ್ಥಾನ.

ಜಿಲ್ಲಾ ಮಟ್ಟದ ಹುಡುಗನಿಗೆ ಸಿರಿಂಜು ಯಾಕೆ? ಒಲಿಂಪಿಕ್ಸ್‌ಗಲ್ಲ ಸ್ವಾಮಿ. ಕಾನ್‌ಸ್ಟೇಬಲ್ ಕೆಲಸಕ್ಕೆ. ನಮ್ಮ ಆಂಧ್ರದಲ್ಲಿ ಈಗ ಸರ್ಕಾರಿ ಕೆಲಸದಲ್ಲಿ ಕ್ರೀಡಾ ಮೀಸಲು ಶೇ 3. ಮಳೆ ನಂಬಿ ಕಡಲೆಕಾಯಿ ಬಿತ್ತುವ ಊರಲ್ಲಿ ಒಂದು ಸರ್ಟಿಫಿಕೇಟ್ ಎಂದರೆ ಮೂರು ತಲೆಮಾರಿನ ಅನ್ನ. ಆ ಹುಡುಗ ಸಿಕ್ಕಿಬಿದ್ದರೆ ನಾಲ್ಕು ವರ್ಷ ಹೊರಗೆ. ಸೂಜಿ ಮಾರಿದವನ ಹೆಸರು, ಹೇಳಿಕೊಟ್ಟವನ ಹೆಸರು ಯಾವ ಪತ್ರಿಕೆಯಲ್ಲಾದರೂ ಓದಿದ್ದೀರಾ?

ಸರ್ಕಾರವೇ ಆಡಿಸಿದ ಆಟವೂ ಇದೆ. 2023ರ ಡಿಸೆಂಬರಿನಲ್ಲಿ ‘ಆಡುದಾಂ ಆಂಧ್ರ’ ಎಂಬ ಕ್ರೀಡಾಕೂಟವನ್ನು ಊರೂರ ಗ್ರಾಮ ಸಚಿವಾಲಯದಿಂದ ಶುರುವಿಟ್ಟುಕೊಂಡರು. ನೂರು ಕೋಟಿಗೂ ಹೆಚ್ಚು ಖರ್ಚು. ಚುನಾವಣೆ ಬಂತು, ಸರ್ಕಾರ ಬದಲಾಯಿತು, ಕಿಟ್ಟುಗಳಲ್ಲಿ ಅಕ್ರಮ ಎಂದು ತನಿಖೆ ಶುರುವಾಯಿತು. ಹಳಬರು ಕದ್ದರು ಎಂದು ಹೊಸಬರು, ಹೊಸಬರದು ದ್ವೇಷ ಎಂದು ಹಳಬರು. ಇದೊಂದು ಪಂದ್ಯ ಮಾತ್ರ ನಮ್ಮಲ್ಲಿ ಎಂದೂ ಮಳೆಗೆ ನಿಲ್ಲುವುದಿಲ್ಲ.

ಬಾಜಿಯ ವಿಷಯಕ್ಕೆ ಬಂದರೆ ಗಡಿಯವರಿಗೆ ಡಬಲ್ ಮನರಂಜನೆ. ಆಂಧ್ರದಲ್ಲಿ 2020ರ ಸೆಪ್ಟೆಂಬರಿನಿಂದಲೇ ಆನ್‌ಲೈನ್ ಬಾಜಿ ಅಪರಾಧ. ಕರ್ನಾಟಕ 2021ರಲ್ಲಿ ಕಾನೂನು ತಂದಿತು, 2022ರ ಫೆಬ್ರವರಿಯಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ತಳ್ಳಿಹಾಕಿತು. ಆಮೇಲೆ ಮೂರು ವರ್ಷ ಒಂದೇ ಫೋನು, ಒಂದೇ ಆ್ಯಪು, ಒಂದೇ ಐವತ್ತು ರೂಪಾಯಿ. ಕುಂದುರ್ಪಿಯಲ್ಲಿ ಒತ್ತಿದರೆ ಅಪರಾಧ, ಪಾವಗಡದ ಕಡೆ ಹೋಗಿ ಒತ್ತಿದರೆ ಕೌಶಲ. ಐಪಿಎಲ್ ಸಂಜೆಗಳಲ್ಲಿ ಬೈಕು ಹತ್ತಿ ಗಡಿಯಾಚೆ ಹೋಗಿ ಟೀಮು ಕಟ್ಟಿ ಬರುವ ಹುಡುಗರಿದ್ದರು. ಆಯುಧ ಕಳ್ಳಸಾಗಣೆ ಮಾಡುವವರ ಮುಖದಲ್ಲೂ ಅಷ್ಟು ಗಾಂಭೀರ್ಯ ಇರುವುದಿಲ್ಲ.

ಹಾಗೆ ಟೀಮು ಕಟ್ಟಿಸುವ ಆ್ಯಪಾದ ಡ್ರೀಮ್ 11 ಹೆಸರು 2020ರ ಐಪಿಎಲ್‌ಗೆ ಕಿರೀಟ. 2023ರಿಂದ 2025ರವರೆಗೆ ಭಾರತ ತಂಡದ ಎದೆಯ ಮೇಲೆ. ನಮ್ಮ ರಾಜ್ಯದ ಕಾನೂನು ನಿಷೇಧಿಸಿದ್ದನ್ನು ಟೀಂ ಇಂಡಿಯಾ ಎದೆಗವಚಿಕೊಂಡು ವಿಶಾಖಪಟ್ಟಣದಲ್ಲೇ ಆಡಿತು. ಸಂಕ್ರಾಂತಿಗೆ ಗೋದಾವರಿ ಜಿಲ್ಲೆಗಳಲ್ಲಿ ಕೋಳಿ ಕಾಳಗಕ್ಕೆ ಹೈಕೋರ್ಟ್ ಬೇಡ ಎನ್ನುತ್ತದೆ, ಜನಪ್ರತಿನಿಧಿಗಳು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅಲ್ಲಿ ಕೋಳಿಗಾದರೂ ಮ್ಯಾಚ್ ಫಿಕ್ಸಿಂಗ್ ಗೊತ್ತಿಲ್ಲ.

2025ರ ಆಗಸ್ಟ್‌ನಲ್ಲಿ ಕೇಂದ್ರಕ್ಕೆ ದಿಢೀರ್ ಜ್ಞಾನೋದಯವಾಯಿತು. ದುಡ್ಡು ಕಟ್ಟುವ ಆನ್‌ಲೈನ್ ಆಟಗಳ ಮೇಲೆ ನಿಷೇಧ. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಮೂರು ದಿನ! ಕ್ರೀಡಾ ವಂಚನೆಯ ಕರಡು 2013ರಿಂದ ಕಾಯುತ್ತಿದೆ. ಬಾಜಿ ಆಡಿಸುವವನಿಗೆ ಮೂರು ದಿನದ ಕಾನೂನು, ಪಂದ್ಯ ಮಾರುವವನಿಗೆ ಹನ್ನೆರಡು ವರ್ಷದ ಕರಡು.

ಕೊನೆಗೆ ಕಾಲೇಜು. ಎಲ್ಲ ಪಾಠವೂ ಶುರುವಾಗುವುದು ಅಲ್ಲೇ.

ನಮ್ಮ ಸೀಮೆಯ ಒಂದು ಅಂತರ ಕಾಲೇಜು ಕಬಡ್ಡಿ ಪಂದ್ಯದಲ್ಲಿ ಒಬ್ಬ ರೈಡರ್ ಸಿಕ್ಕಿಬಿದ್ದದ್ದನ್ನು ಹತ್ತಿರದಿಂದ ಕಂಡೆ. ಗುರುತಿನ ಚೀಟಿಯಲ್ಲಿ ಕಾಲೇಜಿನ ಸೀಲು ಅರ್ಧ ಕಾಗದದ ಮೇಲಿತ್ತು. ಉಳಿದರ್ಧ ಫೋಟೋದ ಮೇಲೆ ಇರಬೇಕಿತ್ತು, ಇರಲಿಲ್ಲ. ಫೋಟೋದ ಅಂಚಿನಲ್ಲಿ ಗೋಂದು ಇನ್ನೂ ಹಸಿ. ಹೆಸರು ಎರಡನೇ ವರ್ಷದ ಬಿ.ಎ. ಹುಡುಗನದು. ಮುಖ ಸುತ್ತಲಿನ ಹಳ್ಳಿ ಟೂರ್ನಿಗಳಲ್ಲಿ ದುಡ್ಡಿಗೆ ಆಡುವ, ಎರಡು ಮಕ್ಕಳ ತಂದೆಯದು.

“ಯಾಕಪ್ಪಾ ಬಂದೆ?” ಎಂದರು ರೆಫರಿ.

“ಪಿಡಿ ಸಾರ್ ಕರೆದ್ರು, ಬಂದೆ ಸಾರ್.”

“ಏನು ಕೊಟ್ಟರು?”

“ಬಸ್ ಚಾರ್ಜು, ಊಟ, ಐನೂರು. ಗೆದ್ರೆ ಇನ್ನೈನೂರು ಅಂದಿದ್ರು.”

ಪಿಡಿ ಸಾರ್, ಅಂದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಪಕ್ಕದಲ್ಲೇ ನಿಂತಿದ್ದರು. ಇವನನ್ನು ಈವರೆಗೆ ನೋಡಿಯೇ ಇಲ್ಲ ಎಂಬಂತೆ ಅವನ ಕಡೆ ನೋಡಿದರು. ಎಂಥಾ ಕಾಲ ಬಂತು ಎಂದು ತಲೆಯಾಡಿಸಿದರು ಕೂಡ.

ತೀರ್ಪು ಬೇಗ ಬಂತು. ಆಡಿದವನನ್ನು ಅಂಗಳದಿಂದ ಹೊರದಬ್ಬಿದರು. ಯಾರ ಹೆಸರಿನಲ್ಲಿ ಆಡಿದನೋ ಆ ಬಿ.ಎ. ಹುಡುಗನಿಗೆ ಎರಡು ವರ್ಷ ಯಾವ ಪಂದ್ಯವೂ ಇಲ್ಲ. ಅವನು ಆ ದಿನ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ, ತನ್ನ ಹೆಸರು ಕಬಡ್ಡಿ ಆಡುತ್ತಿರುವುದೇ ಅವನಿಗೆ ಗೊತ್ತಿರಲಿಲ್ಲ. ಕಾಲೇಜಿಗೆ ಎಚ್ಚರಿಕೆಯ ಪತ್ರ. ಹಿಂದಿನ ವರ್ಷ ಇದೇ ತಂಡ ಗೆದ್ದ ಶೀಲ್ಡು ಪ್ರಾಂಶುಪಾಲರ ಕೋಣೆಯ ಗಾಜಿನ ಕಪಾಟಿನಲ್ಲಿ ಭದ್ರ. ಅದನ್ನು ಯಾರೂ ಕೇಳಲಿಲ್ಲ.

ಈ ವರ್ಷದ ಪಂದ್ಯಾವಳಿಯ ಆಹ್ವಾನ ಪತ್ರಿಕೆ ಬಂದಿದೆ. ಆಟಗಾರರ ಅರ್ಹತೆ ಪರಿಶೀಲನಾ ಸಮಿತಿ ಎಂದು ಒಂದು ಹೊಸ ಸಮಿತಿ ಇದೆ. ಮೊದಲ ಹೆಸರು ಪಿಡಿ ಸಾರ್‌ದು, ಫೋಟೋ ಸಮೇತ.